ದೋಣಿಯಲ್ಲಿ ಹದಿನಾಲ್ಕು ತಲೆ

ನನ್ನ ಡೈರಿಗಳಲ್ಲಿ ಮೇಷ್ಟ್ರು ಒಟ್ಟು ನೂರ ಅರವತ್ತೆಂಟು ದಿನ ಬರುತ್ತಾರೆ. ಕಳೆದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದ ಸಂಜೆ ಕೂತು ಎಣಿಸಿದೆ. ನೂರ ನಲವತ್ತೊಂದು ದಿನ ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಎಂಟೂಕಾಲರ ಬಸ್ಸಿನಲ್ಲಿ. ಇಪ್ಪತ್ತಾರು ದಿನ ನಾನು ಬೇರೆ ಬಸ್ಸು ಹಿಡಿದು ನಮ್ಮ ಶಾಲೆಯ ಸಭಾ ಹಾಲಿನಲ್ಲಿ ಅವರನ್ನು ಕಂಡಿದ್ದು. ಒಂದು ದಿನ ಶಿವನಸಮುದ್ರದಲ್ಲಿ. ಲೆಕ್ಕ ಸರಿಹೋಯಿತು.

ನಾನು ಮಳವಳ್ಳಿಯ ಒಂದು ಸಣ್ಣ ಚರ್ಚಿನ ಶಾಲೆಯಲ್ಲಿ ಗುಮಾಸ್ತೆ. ಊರು ಬೆಸಗರಹಳ್ಳಿಯ ಕಡೆ. ಎಂಟನೇ ಕ್ಲಾಸಿನಿಂದ ಡೈರಿ ಬರೆಯುತ್ತೇನೆ, ಕಂಡದ್ದನ್ನು ಎಣಿಸುತ್ತೇನೆ. ಮೇಷ್ಟ್ರು ಇದನ್ನು ಗೇಲಿ ಮಾಡುತ್ತಿದ್ದರು, ಬೇಕಾದಾಗ ಉಪಯೋಗಿಸಿಕೊಳ್ಳುತ್ತಲೂ ಇದ್ದರು. "ನಿಮ್ಮಪ್ಪ ನಿನ್ನ ಟೋಲ್ ಗೇಟಲ್ಲಿ ಕೂರುಸ್ಬೇಕಾಗಿತ್ತು ಕಣವ್ವ" ಅಂದು, ಮರುಕ್ಷಣವೇ ಬಿಳಿ ಬಣ್ಣದ ಡಬ್ಬಿ ಎಷ್ಟು ಉಳಿದಿದೆ ಎಂದು ಕೇಳುತ್ತಿದ್ದರು.

ಅವರು ಮದ್ದೂರು ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತನಾಲ್ಕು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಆ ಮೂವತ್ತನಾಲ್ಕು ವರ್ಷದಲ್ಲಿ ಅವರು ತಮ್ಮದು ಎಂದು ಒಂದು ಚಿತ್ರವನ್ನೂ ಬರೆದಿರಲಿಲ್ಲ. ಬರೆದದ್ದೆಲ್ಲ ಬೋರ್ಡು. ಹಾಲಿನ ಡೈರಿಯ ಬೋರ್ಡು, ಸೊಸೈಟಿಯ ಬೋರ್ಡು, ಕಿರಾಣಿ ಅಂಗಡಿಯ ಬೋರ್ಡು, ನಾಟಕದ ಪರದೆ, ಶಾಲೆಯ ಗೋಡೆಯ ಮೇಲೆ ಎಲೆಯ ಅಡ್ಡಸೀಳಿಕೆ, ಕಪ್ಪೆಯ ಜೀರ್ಣಾಂಗ. ಬಸ್ಸಿನ ಕಿಟಕಿಯಿಂದ ತೋರಿಸುತ್ತಾ ಹೋಗುತ್ತಿದ್ದರು. ಕೆ.ಎಂ. ದೊಡ್ಡಿ ದಾಟುವ ಹೊತ್ತಿಗೆ ಹನ್ನೊಂದು ಬೋರ್ಡು ಆಗುತ್ತಿತ್ತು. ಫ್ಲೆಕ್ಸ್ ಬಂದಮೇಲೆ ಅವು ಒಂದೊಂದಾಗಿ ಮರೆಯಾದವು. ನನಗೆ ಪರಿಚಯವಾದ ಜೂನಿನಲ್ಲಿ ಹನ್ನೊಂದು, ಡಿಸೆಂಬರಿನಲ್ಲಿ ಎಂಟು.

ಯಾವ ಬೋರ್ಡಿನ ಮೂಲೆಯಲ್ಲೂ ಅವರ ಹೆಸರಿರಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ, ಬೋರ್ಡು ಇರುವುದೇ ಅಂಗಡಿಯವನ ಹೆಸರಿಗೆ, ಅಲ್ಲಿ ಇನ್ನೊಂದು ಹೆಸರು ಬರೆದರೆ ಜನ ಯಾರನ್ನು ಕೂಗಬೇಕು ಅಂದರು. ಚಿತ್ರಕ್ಕಾದರೆ ಹಾಕಬಹುದಲ್ಲ ಸಾರ್ ಅಂದೆ. "ಚಿತ್ರುಕ್ಕೆ ಯಾಕವ್ವ ಎಸ್ರು? ಬರ್ದೋನು ಅದ್ರೊಳಗೇ ಇರ್ತಾನೆ" ಅಂದರು. ಹಾಗಾಗಿ ಇಲ್ಲಿಯೂ ನಾನು ಅವರ ಹೆಸರು ಬರೆಯುವುದಿಲ್ಲ.

ನೋಡಲು ಸಾಧಾರಣ. ಎತ್ತರ ಐದೂಕಾಲು ಅಡಿ, ಬಿಳಿ ಅಂಗಿ. ಜೇಬಿನಲ್ಲಿ ಎರಡು ಪೆನ್ಸಿಲು, ಒಂದು ಸೀಮೆಸುಣ್ಣ, ಒಂದು ಸಣ್ಣ ದುಂಡು ಕನ್ನಡಿ. ಅವರಿಗೆ ಒಂದು ಅಭ್ಯಾಸವಿತ್ತು. ಯಾವುದನ್ನೇ ನೋಡಲಿ, ಒಂದು ಕಣ್ಣು ಮುಚ್ಚಿ, ಕೈ ನೀಡಿ, ಹೆಬ್ಬೆರಳು ಎತ್ತಿ ಅಳತೆ ಹಿಡಿಯುತ್ತಿದ್ದರು. ತೆಂಗಿನ ಮರವಾದರೂ ಸರಿ, ಎದುರು ಸೀಟಿನ ಹೆಂಗಸಿನ ತುರುಬಾದರೂ ಸರಿ. ರಸ್ತೆಯ ಪಕ್ಕ ನಿಂತು ಹೀಗೆ ಮಾಡಿದ್ದರಿಂದ ನಿಲ್ದಾಣವಲ್ಲದ ಕಡೆ ಬಸ್ಸು ನಿಂತದ್ದು ನಾಲ್ಕು ಸಲ. ನಾಲ್ಕು ಸಲವೂ ಅವರು, ಹೇಗೂ ನಿಂತಿದೆಯಲ್ಲ ಎಂದು, ಹತ್ತಿ ಕೂತಿದ್ದರು. ಒಂದು ಸಲ ಆ ಬಸ್ಸು ಮಂಡ್ಯಕ್ಕೆ ಹೋಗುವುದಾಗಿತ್ತು. ಹೋಗಿ ಬಂದರು.

ಅವರ ಕೈಯಲ್ಲಿ ಕಲಿತವರೆಲ್ಲ ಅವರನ್ನು ನೆನೆಸಿಕೊಳ್ಳುವುದು ಮಡಕೆಯಿಂದ. ಎಂಟನೇ ಕ್ಲಾಸಿನ ಮಕ್ಕಳಿಗೆ ಜೂನಿನಿಂದ ದಸರಾ ರಜೆಯವರೆಗೆ ಒಂದೇ ಮಡಕೆ ಬರೆಸುತ್ತಿದ್ದರಂತೆ. ನಮ್ಮ ಬಸ್ಸಿನ ಕಂಡಕ್ಟರು ಅವರ ಹಳೆಯ ವಿದ್ಯಾರ್ಥಿ. ಟಿಕೆಟ್ ಹರಿಯುತ್ತಾ, "ಸಾ, ಇವಾಗ್ಲೂ ಕಣ್ ಮುಚ್ಚುದ್ರೆ ಮಡಕೆನೇ ಕಾಣ್ತದೆ ಸಾ" ಎಂದು ದೂರುವನು. ಮೇಷ್ಟ್ರು, ಬಾಯಿ ಸಣ್ಣದು ಕಾಣುತ್ತದೋ ದೊಡ್ಡದು ಕಾಣುತ್ತದೋ ಎಂದು ವಿಚಾರಿಸುವರು. ಅವನು ಯೋಚಿಸಿ ಸಣ್ಣದು ಅನ್ನುವನು. "ಅಂಗಾದ್ರೆ ಇನ್ನೂ ತಪ್ಪೇ" ಎಂದು ಟಿಕೆಟ್ ಜೇಬಿಗೆ ಹಾಕಿಕೊಳ್ಳುವರು.

ನಮ್ಮ ಶಾಲೆಗೆ ಹೊಸ ಹಾಲು ಕಟ್ಟಿದ ವರ್ಷ ಅವರು ಬಂದದ್ದು. ಹಾಲಿನ ವೇದಿಕೆಯ ಹಿಂದಿನ ಗೋಡೆ ಬರಿದಾಗಿತ್ತು. ನಮ್ಮ ಫಾದರಿಗೆ ಅಲ್ಲಿ ಒಂದು ಚಿತ್ರ ಬೇಕೆಂದು ಆಸೆ. ಅವರ ಕೋಣೆಯಲ್ಲಿ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಇತ್ತು. ತಿಂಗಳು ತಾರೀಖು ಕತ್ತರಿಸಿ ಹೋಗಿದ್ದವು, ಚಿತ್ರ ಮಾತ್ರ ಉಳಿದಿತ್ತು. ಸುಮಾರು ನಾನೂರು ವರ್ಷದ ಹಿಂದೆ ಹಾಲೆಂಡ್ ದೇಶದ ಒಬ್ಬ ಚಿತ್ರಕಾರ ಬರೆದದ್ದು. ಕ್ರೈಸ್ತರ ಧರ್ಮಗ್ರಂಥದ ಕಥೆ: ಏಸುವೂ ಅವನ ಹನ್ನೆರಡು ಶಿಷ್ಯರೂ ದೋಣಿಯಲ್ಲಿ ಹೋಗುವಾಗ ಬಿರುಗಾಳಿ ಏಳುತ್ತದೆ. ಏಸು ಮಲಗಿದ್ದಾನೆ. ಶಿಷ್ಯರು ಹೆದರಿ ಎಬ್ಬಿಸುತ್ತಾರೆ. ಅವನು ಎದ್ದು ಗಾಳಿಯನ್ನು ಗದರುತ್ತಾನೆ, ಗಾಳಿ ನಿಲ್ಲುತ್ತದೆ, ಎಲ್ಲರೂ ಬದುಕುತ್ತಾರೆ. ಚಿತ್ರದಲ್ಲಿ ಗಾಳಿ ಇನ್ನೂ ನಿಂತಿಲ್ಲ. ಎಡಗಡೆ ಅಲೆ ದೋಣಿಯ ಮೂತಿಯನ್ನು ಆಕಾಶಕ್ಕೆ ಎತ್ತಿದೆ, ಹಾಯಿ ಹರಿದಿದೆ, ನಾಲ್ಕೈದು ಜನ ಹಾಯಿಗೆ ಜೋತುಬಿದ್ದಿದ್ದಾರೆ, ಒಬ್ಬ ಅಂಚಿನಿಂದ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದಾನೆ. ಬಲಗಡೆಯ ಕತ್ತಲಲ್ಲಿ ಏಸುವನ್ನು ಈಗಷ್ಟೇ ಎಬ್ಬಿಸುತ್ತಿದ್ದಾರೆ.

ಮೇಷ್ಟ್ರು ಹಾಳೆಯನ್ನು ಕೈಯಳತೆಯಲ್ಲಿ ಹಿಡಿದು ನೋಡಿ ಒಂದೇ ಷರತ್ತು ಹಾಕಿದರು. ಗೆರೆ ಅಸಲಿನಲ್ಲಿ ಇದ್ದ ಹಾಗೇ ಬರುತ್ತದೆ, ಒಂದು ನೂಲೂ ಅತ್ತಿತ್ತ ಆಗುವುದಿಲ್ಲ, ಆಮೇಲೆ ಯಾರೂ ಅದು ಸೇರಿಸಿ ಇದು ತೆಗೆಯಿರಿ ಅನ್ನಕೂಡದು. ಫಾದರ್ ಸಂತೋಷದಿಂದ ಒಪ್ಪಿದರು. ಆ ಹೊತ್ತಿಗೆ ಅವರಿಗೆ ಯಾರು ಏನು ಅನ್ನಬಹುದು ಎಂದು ತಿಳಿದಿರಲಿಲ್ಲ.

ಕೆಲಸ ಶುರುವಾದದ್ದು ಜೂನ್ ಎರಡನೆಯ ಸೋಮವಾರ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಎಂಬತ್ತು ಚೌಕ ಹಾಕಿದರು. ಗೋಡೆಯ ಮೇಲೆ ನೂಲಿಗೆ ನೀಲಿ ಪುಡಿ ಹಚ್ಚಿ, ಒಂದು ತುದಿ ನಾನು ಹಿಡಿದು ಇನ್ನೊಂದು ತುದಿ ಅವರು ಹಿಡಿದು, ನಡುವೆ ಮಿಡಿದು, ಅಡಿಗೊಂದರಂತೆ ಗೆರೆ ಹೊಡೆದರು. ಅಗಲ ಎಂಟು, ಎತ್ತರ ಹತ್ತು, ಅಲ್ಲಿಯೂ ಎಂಬತ್ತು. ಪುಟ್ಟ ಚೌಕದಲ್ಲಿ ಇದ್ದದ್ದು ದೊಡ್ಡ ಚೌಕಕ್ಕೆ ಹೋಗಬೇಕು. ಒಂದು ಚೌಕ ಬರೆಯುವಾಗ ಹಾಳೆಯಲ್ಲಿ ಉಳಿದ ಎಪ್ಪತ್ತೊಂಬತ್ತನ್ನು ಕಾಗದದಿಂದ ಮುಚ್ಚಿಡುವರು. ಇಡೀ ಚಿತ್ರ ನೋಡಿಕೊಂಡು ಬರೆದರೆ ಕೈ ತನಗೆ ಗೊತ್ತಿರುವುದನ್ನೇ ಬರೆಯುತ್ತದೆ, ಕಣ್ಣಿಗೆ ಕಂಡದ್ದನ್ನಲ್ಲ ಎಂದು ಅವರ ವಾದ. ಮುಗಿದ ಚೌಕದ ಸಂಖ್ಯೆಯನ್ನು ನಾನು ಡೈರಿಗೆ ಹಾಕಿಕೊಳ್ಳುತ್ತಿದ್ದೆ. ಅಲೆಯ ತುದಿಯ ಚೌಕಕ್ಕೆ ಆರು ದಿನ ಹಿಡಿಯಿತು. ಕತ್ತಲ ಆಕಾಶ ಒಂದೇ ದಿನಕ್ಕೆ ಐದು ಚೌಕ.

ಕ್ಯಾಲೆಂಡರಿನ ಚಿತ್ರ ಮಾಸಿತ್ತು. ಕೆಲವು ಕಡೆ ಮುಖ ಯಾವುದು, ಮೊಣಕೈ ಯಾವುದು ಗೊತ್ತಾಗುತ್ತಿರಲಿಲ್ಲ. ನಾನು ಇಂಟರ್‌ನೆಟ್ಟಿನಲ್ಲಿ ಹುಡುಕಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ತಂದುಕೊಟ್ಟೆ. ಜೊತೆಗೆ ಓದಿದ ಮಾಹಿತಿಯನ್ನೂ ಕೊಟ್ಟೆ. ಒಂದು, ಬರೆದವನಿಗೆ ಆಗ ಇಪ್ಪತ್ತೇಳು ವರ್ಷ. ಮೇಷ್ಟ್ರಿಗೆ ಅರವತ್ತನಾಲ್ಕು. "ಮೂವತ್ತೇಳು ವರ್ಸ ಲೇಟಾಯ್ತು" ಅಂದರು, ಬಸ್ಸಿನ ಬಗ್ಗೆ ಹೇಳುವ ಹಾಗೆ. ಎರಡು, ಅವನು ಸಮುದ್ರದ ಚಿತ್ರ ಬರೆದದ್ದು ಇದೊಂದೇ. ಮೇಷ್ಟ್ರು ಸಮುದ್ರವನ್ನೇ ನೋಡಿರಲಿಲ್ಲ, ಅದರಿಂದ ಅವರಿಗೆ ಧೈರ್ಯ ಬಂತು. ಮೂರು, ಅಸಲು ಚಿತ್ರವನ್ನು ಅಮೆರಿಕದ ಒಂದು ಮ್ಯೂಸಿಯಮ್ಮಿನಿಂದ ಮೂವತ್ತು ವರ್ಷಕ್ಕೂ ಹಿಂದೆ ಕಳ್ಳರು ಹೊತ್ತುಕೊಂಡು ಹೋಗಿದ್ದಾರೆ, ಇನ್ನೂ ಸಿಕ್ಕಿಲ್ಲ.

ಇದನ್ನು ಕೇಳಿ ಮೇಷ್ಟ್ರು ಬ್ರಷ್ ಕೆಳಗಿಟ್ಟರು. ಬಹಳ ಹೊತ್ತು ಗೋಡೆ ನೋಡಿದರು. "ಅಂದ್ರೆ ಸದ್ಯಕ್ಕೆ ಇರೋದು ನಮ್ದೇ" ಅಂದರು.

ಅಂದಿನಿಂದ ಅವರ ಕೆಲಸ ಇನ್ನೂ ನಿಧಾನವಾಯಿತು.

ಆ ಹೊಸ ಪ್ರಿಂಟಿನಲ್ಲಿ ನಾನು ತಲೆ ಎಣಿಸಿದೆ. ಎರಡು ಸಲ ಎಣಿಸಿದೆ. ಹದಿನಾಲ್ಕು. ಏಸು ಒಬ್ಬ, ಶಿಷ್ಯರು ಹನ್ನೆರಡು, ಕೂಡಿದರೆ ಹದಿಮೂರು. ಫಾದರನ್ನು ಕೇಳಿದೆ. ಅವರೂ ಎಣಿಸಿ, ಓದಿ ನೋಡಿ ಹೇಳಿದರು: ಆ ಹದಿನಾಲ್ಕನೆಯವನು ಚಿತ್ರ ಬರೆದವನೇ ಎಂದು ಬಲ್ಲವರು ಹೇಳುತ್ತಾರೆ, ತನ್ನನ್ನೇ ದೋಣಿಯಲ್ಲಿ ಕೂರಿಸಿಕೊಂಡಿದ್ದಾನೆ. ಬೇರೆಯವರೆಲ್ಲ ಅಲೆ, ಹಗ್ಗ, ಏಸು ಎಂದು ತಮ್ಮ ತಮ್ಮ ಗಾಬರಿಯಲ್ಲಿರುವಾಗ ಅವನೊಬ್ಬ ಚಿತ್ರದಿಂದ ಹೊರಗೆ, ನಮ್ಮ ಕಡೆ ನೋಡುತ್ತಿದ್ದಾನೆ.

ಮೇಷ್ಟ್ರಿಗೆ ಇದು ಮೊದಲೇ ಗೊತ್ತಿತ್ತೋ ಏನೋ. ಸಂಜೆ ಬಸ್ಸಿನಲ್ಲಿ ಅವರೇ ತೆಗೆದರು. ದೋಣಿಯಲ್ಲಿ ಹದಿಮೂರು ಜನ ಕಥೆಯವರು, ಅವರ ಮುಖ ಮುಟ್ಟುವ ಹಾಗಿಲ್ಲ, ಅವನು ಬರೆದ ಹಾಗೇ ಬರುತ್ತದೆ. ಉಳಿದ ಜಾಗ ಒಂದೇ ಒಂದು. "ಅದು ಬರ್ದೋನ ಜಾಗ. ಅಲ್ಲಿ ಅವನು ಬರ್ದ, ಅವನು ಕೂತ. ಇಲ್ಲಿ ನಾನು ಬರೀತಾವ್ನಿ. ಅದು ನಂದು ಕಣವ್ವ" ಅಂದರು. ಯಾವತ್ತೂ ಏನನ್ನೂ ನನ್ನದು ಎಂದು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕೊಡೆಯನ್ನೂ 'ಇದು ಮನೇದು' ಅನ್ನುತ್ತಿದ್ದರು.

ಆಮೇಲೆ ಜೇಬಿನ ದುಂಡು ಕನ್ನಡಿಗೆ ಕೆಲಸ ಬಂತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅದನ್ನು ಡಬ್ಬಿಗೆ ಒರಗಿಸಿಕೊಂಡು, ಒಂದು ಕೈಯಲ್ಲಿ ತುತ್ತು, ಒಂದು ಕೈಯಲ್ಲಿ ಪೆನ್ಸಿಲು ಹಿಡಿದು ತಮ್ಮ ಮುಖ ಬರೆದುಕೊಳ್ಳುತ್ತಿದ್ದರು. ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ. ಯಾರಿಗೂ ತೋರಿಸಲಿಲ್ಲ. ಹಾಜರಿ ಪುಸ್ತಕ ನನ್ನ ಬೀರುವಿನದಾದ್ದರಿಂದ ನಾನು ನೋಡಿದ್ದೆ. ಒಟ್ಟು ಹದಿನೇಳು ಮುಖ. ಮೊದಲ ಒಂಬತ್ತರಲ್ಲಿ ಅವರು ಫೋಟೊಗೆ ಕೂತವರ ಹಾಗೆ ಬಿಗಿದುಕೊಂಡಿದ್ದರು. ಕೊನೆಯ ಮೂರರಲ್ಲಿ ಬಿರುಗಾಳಿಯಲ್ಲಿದ್ದರು.

ಇನ್ನು ನನ್ನ ತಪ್ಪು. ಜುಲೈ ಕೊನೆಯಲ್ಲಿ ಹಾಲು ಕಟ್ಟಲು ನೆರವಾದ ದಾನಿಗಳ ಸಭೆ ಇತ್ತು. ಹಿಂದಿನ ತಿಂಗಳ ಕೆಲಸಗಳ ನಡವಳಿ ಬರೆದವಳು ನಾನು. ಇಟ್ಟಿಗೆ, ಕಿಟಕಿ, ಫ್ಯಾನು ಎಲ್ಲವನ್ನೂ ಬರೆದು ಕೊನೆಗೆ, ವೇದಿಕೆಯ ಚಿತ್ರದಲ್ಲಿ ಹದಿನಾಲ್ಕು ಜನರಿದ್ದು ಕಥೆಯ ಪ್ರಕಾರ ಹದಿಮೂರು ಜನ ಮಾತ್ರ ಇರತಕ್ಕದ್ದು, ಉಳಿದ ಒಬ್ಬರು ಕಥೆಗೆ ಸಂಬಂಧಿಸಿದವರಲ್ಲ ಎಂದೂ ಬರೆದಿದ್ದೆ. ನಿಖರವಾಗಿರಲಿ ಎಂದು ಬರೆದದ್ದು. ಅದನ್ನು ಗಟ್ಟಿಯಾಗಿ ಓದಲಾಯಿತು.

ನಮ್ಮ ಕಡೆ ಯಾವ ಕಾರ್ಯವಾದರೂ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್ ಏಳುತ್ತದೆ. ನಡುವೆ ದೊಡ್ಡವರ ಮುಖ, ಕೆಳಗೆ ಶುಭ ಕೋರುವವರ ಮುಖಗಳು ಸಾಲಾಗಿ. ದುಡಿದವರ ಮುಖ ಬಿಟ್ಟುಹೋದರೆ ಮಾತು ಬಿಡುವವರುಂಟು, ಪಕ್ಕದವನ ಮುಖಕ್ಕಿಂತ ಸಣ್ಣದಾದರೆ ಊಟ ಬಿಡುವವರುಂಟು. ಆ ವಾರ ಮಳವಳ್ಳಿಯ ಸರ್ಕಲ್ಲಿನಲ್ಲಿದ್ದ ಒಂದು ಫ್ಲೆಕ್ಸಿನಲ್ಲಿ ನಾನು ನಲವತ್ತಮೂರು ಮುಖ ಎಣಿಸಿದ್ದೆ. ಅದರಲ್ಲಿ ಒಂದು ತೊಟ್ಟಿಲ ಕೂಸು. ಹೀಗಿರುವಾಗ ಹಾಲಿನ ಗೋಡೆಯ ಮೇಲೆ ಹತ್ತಡಿ ಎತ್ತರದ ಚಿತ್ರ, ಅದರಲ್ಲಿ ಕಥೆಗೆ ಸಂಬಂಧಿಸದ ಒಂದು ಜಾಗ ಇದೆ ಎಂದು ನಡವಳಿಯಲ್ಲಿ ಓದಿದರೆ ಜನ ಏನು ತಿಳಿಯಬೇಕೋ ಅದನ್ನೇ ತಿಳಿದರು.

ಒಂದು ವಾರದಲ್ಲಿ ಒಂಬತ್ತು ಜನ ಪಾಸ್‌ಪೋರ್ಟ್ ಸೈಜಿನ ಫೋಟೊ ತಂದುಕೊಟ್ಟರು. ಒಬ್ಬರು ಹೆಂಡತಿಯ ಜೊತೆಗಿರುವುದನ್ನು ಕೊಟ್ಟರು. ಒಬ್ಬರು, ಏಸುವಿನ ಪಕ್ಕ ಏನೂ ಬೇಡ, ಹಾಯಿಯ ಹತ್ತಿರ ಎಲ್ಲಾದರೂ ಆಗುತ್ತದೆ ಎಂದು ತಗ್ಗಿಕೊಂಡರು. ಮೇಷ್ಟ್ರು ಎಲ್ಲರಿಗೂ ಕೊಟ್ಟ ಉತ್ತರ ಒಂದೇ: "ದೋಣಿ ಮುಳುಗೋಯ್ತದೆ."

ಎಂಟು ಜನ ನಕ್ಕು ಹೋದರು. ಹೋಗದವರು ರೈಸ್ ಮಿಲ್ಲಿನ ಗೌಡರು. ಹಾಲಿನ ಮೇಲ್ಛಾವಣಿಯ ಶೀಟು ಪೂರ್ತಿ ಅವರ ಕೊಡುಗೆ. ಐವತ್ತರ ಆಸುಪಾಸು, ಮಾತು ಕಡಿಮೆ, ಆದರೆ ಆಡಿದ್ದು ಬಿಡುವವರಲ್ಲ. ಅವರ ವಾದವೂ ಸರಿಯಾಗಿಯೇ ಇತ್ತು. ಹದಿಮೂರು ಜನ ದೇವರ ಕಡೆಯವರು, ಅವರ ತಂಟೆಗೆ ತಾವು ಬರುವುದಿಲ್ಲ. ಹದಿನಾಲ್ಕನೆಯವನು ದೇವರ ಕಡೆಯವನೂ ಅಲ್ಲ, ಕಥೆಯವನೂ ಅಲ್ಲ, ಬಿಟ್ಟಿ ಕೂತವನು. ಆ ಜಾಗ ಶೀಟು ಹಾಕಿಸಿದವನಿಗೆ ಕೊಟ್ಟರೆ ಯಾರಿಗೆ ನಷ್ಟ?

"ಅದು ಬರ್ದೋನ್ದು ಗೌಡ್ರೆ" ಅಂದರು ಮೇಷ್ಟ್ರು.

"ಬರ್ದೋನು ಸತ್ತು ನಾನೂರು ವರ್ಸ ಆಯ್ತಲ್ಲ ಮೇಷ್ಟ್ರೆ."

"ಈ ಗೋಡೆ ಬರೀತಿರೋನು ಸತ್ತಿಲ್ಲ."

ಗೌಡರು ಎದ್ದು ಫಾದರ ಕೋಣೆಗೆ ಹೋದರು. ಅಲ್ಲಿ ಏನು ನಡೆಯಿತು ಎಂದು ನನಗೆ ಗೊತ್ತು, ಪಕ್ಕದ ಕೋಣೆ ನನ್ನದು. ಒಂದೋ ತಮ್ಮ ಮುಖ, ಇಲ್ಲವೇ ಗೋಡೆಗೆ ಸುಣ್ಣ ಬಳಿಸಿ ಫ್ಲೆಕ್ಸ್ ಹಾಕಿಸುವುದು, ಅಂಗಡಿಯವನು ಒಂದೇ ದಿನದಲ್ಲಿ ಇದೇ ಚಿತ್ರ ಕೊಡುತ್ತಾನೆ, ತಲೆ ಎಷ್ಟು ಬೇಕಾದರೂ ಸೇರಿಸುತ್ತಾನೆ ಎಂದು ಗೌಡರು ಹೇಳಿದರು. ಫಾದರ್ ಬಹಳ ಒಳ್ಳೆಯವರು, ಯಾರಿಗೂ ಇಲ್ಲ ಅನ್ನಲಾರರು. ಮೇಷ್ಟ್ರ ಹತ್ತಿರ ಬಂದು ಮೂರು ಸಲ ಗಂಟಲು ಸರಿಮಾಡಿಕೊಂಡು ಹವಾಮಾನದ ಬಗ್ಗೆ ಮಾತಾಡಿ ಹೋದರು.

ಆಗ ಮುಗಿದಿದ್ದ ಚೌಕ ನಲವತ್ತೊಂದು. ನಾನು ಬಸ್ಸಿನಲ್ಲಿ ಮೇಷ್ಟ್ರಿಗೆ, ತಪ್ಪು ನನ್ನದು, ನಡವಳಿಯಲ್ಲಿ ಬರೆಯಬಾರದಾಗಿತ್ತು ಎಂದೆ. ಇದ್ದದ್ದನ್ನು ಬರೆದಿದ್ದೀಯ, ಅದರಲ್ಲಿ ತಪ್ಪೇನು ಅಂದರು. ಬಿಟ್ಟುಕೊಡುತ್ತೀರಾ ಎಂದು ಕೇಳಿದೆ. ಸುಣ್ಣ ಬಳಿದರೆ ಬಳಿಯಲಿ, ಜಾಗ ಬಿಡುವುದಿಲ್ಲ ಅಂದರು. ಕಿಟಕಿಯ ಹೊರಗೆ ಅವರ ಒಂದು ಬೋರ್ಡು ಬಂದು ಹೋಯಿತು. ಅದನ್ನು ತೋರಿಸಲು ಮರೆತರು.

ಆಗಸ್ಟಿನಲ್ಲಿ ನೀರು ಬರೆಯುವ ಸರದಿ ಬಂತು. ಕ್ಯಾಲೆಂಡರಿನಲ್ಲಿ ನೀರು ಹಳದಿಯಾಗಿತ್ತು, ನನ್ನ ಪ್ರಿಂಟಿನಲ್ಲಿ ನೀಲಿಯಾಗಿತ್ತು. ಎರಡನ್ನೂ ನಂಬುವ ಹಾಗಿಲ್ಲ, ಅಸಲು ಕಳ್ಳರ ಹತ್ತಿರ ಇದೆ. ಗೆರೆ ಅವನದಿರಲಿ, ಬಣ್ಣ ಕಣ್ಣಾರೆ ನೋಡಿ ಹಾಕುತ್ತೇನೆ ಎಂದು ಮೇಷ್ಟ್ರು ಒಂದು ಶನಿವಾರ ಮಧ್ಯಾಹ್ನ ಶಿವನಸಮುದ್ರಕ್ಕೆ ಹೊರಟರು. ಡಬ್ಬಿ ಹಿಡಿದುಕೊಳ್ಳಲು ನನ್ನನ್ನೂ ಕರೆದರು. ಅಲ್ಲಿ ಪವರ್ ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರ ಒಬ್ಬ ಗೆಳೆಯರಿದ್ದರು, ಅವರು ಎಲ್ಲಿ ನಿಂತರೆ ಕಾಲು ಜಾರುವುದಿಲ್ಲ ಎಂದು ತೋರಿಸಿದರು. ಮೇಲಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪು ಮಣ್ಣು ಕಲಸಿಕೊಂಡು, ನೊರೆಯ ಕೆಳಗೆ ಬೂದಿಯಾಗಿ, ಅದರ ಕೆಳಗೆ ಹಸಿರಾಗಿ ಹೋಗುತ್ತಿತ್ತು. ಮೇಷ್ಟ್ರು ಮೂರು ಗಂಟೆ ನಿಂತರು. ಇಪ್ಪತ್ತೆರಡು ತುಂಡು ಕಾಗದದ ಮೇಲೆ ಬಣ್ಣ ಬೆರೆಸಿ ಬೆರೆಸಿ ಬಳಿದರು. ಗೆಳೆಯರು, "ಏನ್ಲಾ, ಸಮುದ್ರ ಬರೀತೀನಿ ಅಂತ ನಮ್ಮೊಳೆ ಕದ್ಕಂಡೋಯ್ತಿದ್ದೀಯಲ್ಲೋ" ಅಂದರು. "ತುಂಬೋಯ್ತಿದೆ ಬುಡ್ಲಾ, ಒಂದ್ ಡಬ್ಬಿ ಓದ್ರೆ ಕಮ್ಮಿಯಾಗಕಿಲ್ಲ" ಅಂದರು ಇವರು.

ಆ ನೀರು ಗೋಡೆಗೆ ಬಂದು ಒಣಗುವ ಹೊತ್ತಿಗೆ ಗೌಡರು ಒಂದು ದಿನ ಮತ್ತೆ ಬಂದರು. ಸುಣ್ಣದ ಮಾತು ಎತ್ತುತ್ತಾರೆ ಎಂದು ನಾನೂ ಹಾಲಿಗೆ ಹೋಗಿ ಕಿಟಕಿ ಒರೆಸುತ್ತಾ ನಿಂತೆ. ಅವರು ಬಾಗಿಲಿನಲ್ಲೇ ನಿಂತುಬಿಟ್ಟರು. ಆಮೇಲೆ ನಿಧಾನವಾಗಿ ಗೋಡೆಯ ಹತ್ತಿರ ಬಂದು, ಇದು ಎಲ್ಲಿಯ ನೀರು ಎಂದು ಕೇಳಿದರು. ಮೇಷ್ಟ್ರು ಹೇಳಿದರು. ಗೌಡರು ಬೆಂಚಿನ ಮೇಲೆ ಕೂತು ಅರ್ಧ ಗಂಟೆ ನೋಡಿ, ಬಂದ ಕೆಲಸ ಹೇಳದೆ ಎದ್ದುಹೋದರು.

ಮರುದಿನವೂ ಬಂದರು. ಹೀಗೆ ಹದಿಮೂರು ದಿನ. ಬರುವುದು, ಕೂರುವುದು, ಹೋಗುವುದು. ಮೇಷ್ಟ್ರು ಬರೆಯುತ್ತಲೇ ಇದ್ದರು. ಚಾ ಬಂದರೆ ಎರಡು ಲೋಟ ಬರುತ್ತಿತ್ತು. ಫಾದರ್ ಇದನ್ನು ಒಳ್ಳೆಯ ಸೂಚನೆ ಎಂದರು, ನಾನು ಏನೂ ಬರೆದುಕೊಳ್ಳಲಿಲ್ಲ, ಎಷ್ಟನೆಯ ದಿನ ಎಂಬುದನ್ನು ಬಿಟ್ಟು.

ಹದಿನಾಲ್ಕನೆಯ ದಿನ ಗೌಡರು ಜೇಬಿನಿಂದ ಒಂದು ಫೋಟೊ ತೆಗೆದರು. ಹಾಲ್‌ಟಿಕೆಟ್ಟಿನಿಂದ ಕಿತ್ತದ್ದು, ಒಂದು ಮೂಲೆಯಲ್ಲಿ ಮೊಹರಿನ ಅರ್ಧ ವೃತ್ತ. ಇಪ್ಪತ್ತು ವರ್ಷದ ಹುಡುಗ, ಕಿವಿ ಸ್ವಲ್ಪ ದೊಡ್ಡದು.

"ಮೇಷ್ಟ್ರೆ, ನಂದು ಬ್ಯಾಡ ಬುಡಿ" ಅಂದರು. "ನನ್ನ ತಮ್ಮ ಇವನು. ಈ ನೀರ್ನಲ್ಲೇ ಓದ. ಅರಿಗೋಲು ಮಗುಚ್ಕತ್ತು. ಆರು ಜನ ಇದ್ರು, ಐದು ಜನ ದಡಕ್ಕೆ ಬಂದ್ರು." ಗೋಡೆಯ ಕಡೆ ತಿರುಗಿ, "ನಿಮ್ಮ ದೋಣೀಲಿ ಯಾರೂ ಸಾಯಕಿಲ್ವಂತಲ್ಲ, ಫಾದರ್ ಏಳುದ್ರು. ಇವನ್ನ ಅತ್ತುಸ್ಕಳಿ" ಅಂದರು.

ಮೇಷ್ಟ್ರು ಫೋಟೊ ತೆಗೆದುಕೊಂಡರು. ಬೆಳಕಿಗೆ ಹಿಡಿದರು.

"ಈಜು ಬತ್ತಿತ್ತಾ?"

"ಇಲ್ಲ."

ಫೋಟೊವನ್ನು ಜೇಬಿಗೆ ಹಾಕಿಕೊಂಡು ಬ್ರಷ್ ಎತ್ತಿಕೊಂಡರು. ಆ ಸಂಜೆ ಬಸ್ಸಿನಲ್ಲಿ ಕಂಡಕ್ಟರು ಮಡಕೆಯ ವಿಷಯ ತೆಗೆದ, ಇವರು ಟಿಕೆಟ್ ಮಾತ್ರ ಜೇಬಿಗೆ ಹಾಕಿಕೊಂಡರು. ಇಳಿಯುವ ಮುಂಚೆ ಜೇಬಿನ ಕನ್ನಡಿ ತೆಗೆದು ಮುಖ ನೋಡಿಕೊಂಡರು, ಬಹಳ ಹೊತ್ತು ಅಲ್ಲ, ಬಾಚಿದ್ದು ಸರಿಯಿದೆಯೇ ಎಂದು ನೋಡುವಷ್ಟು.

ಮರುದಿನ ನಾನು ಹೋಗುವಷ್ಟರಲ್ಲಿ ಆ ಹದಿನಾಲ್ಕನೆಯ ಮುಖದ ಚೌಕದ ನೀಲಿ ಗೆರೆಯನ್ನು ಅವರು ಅಳಿಸಿಯಾಗಿತ್ತು. ಫೋಟೊ ದೊಡ್ಡದು ಮಾಡಿಸಿಕೊಂಡು ಬಾ ಅಂದರು. ಆ ಹಾಜರಿ ಪುಸ್ತಕ ನನ್ನ ಮೇಜಿನ ಮೇಲೆ ವಾಪಸು ಬಂದಿತ್ತು. ನಾನು ಅದನ್ನು ಬೀರುವಿಗೆ ಸೇರಿಸಿದೆ.

ಆ ಮುಖಕ್ಕೆ ಒಂಬತ್ತು ದಿನ ಹಿಡಿಯಿತು. ಏಸುವಿನ ಮುಖಕ್ಕೆ ನಾಲ್ಕೇ ದಿನ ಸಾಕಾಗಿತ್ತು. ಅಸಲಿನಲ್ಲಿ ಆ ಮನುಷ್ಯ ಎಡಗೈಯಿಂದ ತಲೆಯ ಮೇಲಿನ ಟೋಪಿ ಗಾಳಿಗೆ ಹಾರದ ಹಾಗೆ ಒತ್ತಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ದೋಣಿಯ ಒಂದು ಹಗ್ಗ ಹಿಡಿದಿದ್ದಾನೆ. ಮೇಷ್ಟ್ರು ಮುಖವನ್ನು ಮಾತ್ರ ಹುಡುಗನದು ಮಾಡಿದರು. ಟೋಪಿ, ಕೈ, ಹಗ್ಗ ಎಲ್ಲವೂ ಷರತ್ತಿನ ಪ್ರಕಾರ ಇದ್ದ ಹಾಗೇ. ಕಿವಿ ದೊಡ್ಡದಾದ್ದರಿಂದ ಟೋಪಿ ಚೆನ್ನಾಗಿ ಕೂತಿತು.

ಹಾಲಿನ ಉದ್ಘಾಟನೆ ಡಿಸೆಂಬರಿನ ಒಂದು ಶನಿವಾರ. ಸರ್ಕಲ್ಲಿನಲ್ಲಿ ಫ್ಲೆಕ್ಸ್ ಇತ್ತು, ಮೂವತ್ತೊಂದು ಮುಖ. ಭಾಷಣ ಏಳು. ಬಾಗಿಲಿನ ಪಕ್ಕದ ಕಲ್ಲಿನಲ್ಲಿ ದಾನಿಗಳ ಹೆಸರು ಇಪ್ಪತ್ತೆರಡು. ಮೇಷ್ಟ್ರಿಗೆ ಶಾಲು ಹೊದಿಸಿದರು, ಅದನ್ನು ಅವರು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೊನೆಯ ಸಾಲಿನಲ್ಲಿ ಕೂತರು. ನಾನು ಪಕ್ಕದಲ್ಲಿದ್ದೆ. ಜನ ಚಿತ್ರ ನೋಡಿ ಚೆನ್ನಾಗಿದೆ ಅಂದರು. ಹದಿನಾಲ್ಕನೆಯವನು ಯಾರು ಎಂದು ಗುರುತಿಸಿದವರು ಕೆಲವರಿದ್ದರು, ಅವರು ಒಮ್ಮೆ ಗೌಡರ ಕಡೆ ನೋಡಿದರು.

ಊಟಕ್ಕೆ ಎಲ್ಲರೂ ಎದ್ದಮೇಲೆ ಗೌಡರು ತಮ್ಮ ತಾಯಿಯನ್ನು ತೋಳು ಹಿಡಿದು ಕರೆದುಕೊಂಡು ಬಂದರು. ಎಂಬತ್ತು ದಾಟಿದ ಹೆಂಗಸು. ಆಕೆಗೆ ಮೊದಲೇ ಹೇಳಿರಲಿಲ್ಲ ಎಂದು ಕಾಣುತ್ತದೆ. ವೇದಿಕೆಯ ಮೆಟ್ಟಿಲು ಹತ್ತಿ ಚಿತ್ರದ ಮುಂದೆ ನಿಂತು ಮೊದಲು ನೀರು ನೋಡಿದರು. ಇದು ಯಾವ ಹೊಳೆ ಎಂದು ಕೇಳಿದರು. ಆಕೆಯ ಕಣ್ಣು ಒಬ್ಬೊಬ್ಬರ ಮೇಲೂ ಹೋಗುತ್ತಾ, ವಾಂತಿ ಮಾಡುವವನನ್ನು ದಾಟಿ, ಆ ಹುಡುಗನ ಹತ್ತಿರ ನಿಂತಿತು. ಅವನು ನೇರವಾಗಿ ಆಕೆಯನ್ನೇ ನೋಡುತ್ತಿದ್ದ.

ಅಳುತ್ತಾರೆ ಎಂದು ನಾನು ನೀರಿನ ಲೋಟ ಹಿಡಿದುಕೊಂಡು ಹತ್ತಿರ ಹೋದೆ. ಆಕೆ ಅಳಲಿಲ್ಲ. ಮಕ್ಕಳು ಬಿಸಿಲಿಗೆ ಹೋದಾಗ ಗದರುವ ಹಾಗೆ ಗದರಿದರು.

"ಟೋಪಿ ಓದ್ರೆ ಓಗ್ಲಿ ಬುಡ್ಲಾ" ಅಂದರು. "ಎಲ್ಡು ಕೈಲೂ ಅಗ್ಗ ಇಡ್ಕ."

ಅಷ್ಟೇ. ಆಮೇಲೆ ಮಗನ ಕಡೆ ತಿರುಗಿ, ಊಟಕ್ಕೆ ಎಲ್ಲಿ ಕೂರುವುದು ಎಂದು ಕೇಳಿದರು.

ಕೊನೆಯ ಸಾಲಿನಿಂದ ಮೇಷ್ಟ್ರು ಎದ್ದು ನಿಂತಿದ್ದರು. ಶಾಲು ಕೆಳಗೆ ಬಿದ್ದಿತ್ತು. ಎತ್ತಿಕೊಟ್ಟೆ. ನಾಳೆ ಹಾಲಿನ ಬೀಗದ ಕೈ ತರುತ್ತೀಯಾ ಎಂದು ಕೇಳಿದರು.

ಭಾನುವಾರ ಮಧ್ಯಾಹ್ನ ಚರ್ಚಿನವರೆಲ್ಲ ಹೋದಮೇಲೆ ಬಾಗಿಲು ತೆಗೆದೆ. ಅವರು ಏಣಿ ಹಾಕಿ, ಟೋಪಿಯ ಮೇಲೆ ಕತ್ತಲ ಬಣ್ಣ ಬಳಿದರು. ಹುಡುಗನ ತಲೆ ಬರಿದಾಯಿತು. ಟೋಪಿ ಹಿಡಿದಿದ್ದ ಕೈಯೂ ಹೋಯಿತು. ನಾನು ಕೆಳಗಿನಿಂದ, ಸಾರ್, ಗೆರೆ ಬದಲಾಗುತ್ತದೆ, ಅಸಲಿನಲ್ಲಿ ಹೀಗಿಲ್ಲ ಎಂದೆ.

"ಅಸಲಿನೋನ್ಗೆ ಯೋಳೋರು ಯಾರೂ ಇರ್ಲಿಲ್ಲ ಕಣವ್ವ" ಅಂದರು.

ಆದರೆ ಎರಡು ಕೈಯಲ್ಲಿ ಹಗ್ಗ ಜಗ್ಗಿ ಹಿಡಿದರೆ ಬೆರಳು ಹೇಗೆ ಕೂರುತ್ತದೆ ಎಂದು ಯಾವ ಹಾಳೆಯಲ್ಲೂ ಇರಲಿಲ್ಲ. ಅವರು ಇಳಿದು ಬಂದು, ವೇದಿಕೆಯ ಪರದೆಯ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟರು. ಎಳಿ ಅಂದರು. ಎಳೆದೆ. ಇನ್ನೂ ಅಂದರು. ಕಾಲು ಊರಿ, ಮೈ ಹಿಂದಕ್ಕೆ ಹಾಕಿ ಎಳೆದೆ. ಅವರು ಏಣಿಯ ಮೇಲೆ ಹೋಗಿ, ಒಮ್ಮೆ ನನ್ನ ಕೈ ನೋಡಿ, ಒಮ್ಮೆ ಗೋಡೆ ನೋಡಿ, ಬರೆಯತೊಡಗಿದರು.

ಇಪ್ಪತ್ತು ನಿಮಿಷವಾಯಿತು. ಅಂಗೈ ಉರಿಯಿತು. ಬಿಡಲಾ ಸಾರ್ ಎಂದು ಕೇಳಿದೆ.

"ಬುಡಬ್ಯಾಡ" ಅಂದರು.